ಅಜ್ಜಿ ಹೇಳಿದ ಕಥೆಯಿಂದ ಅಚ್ಚಾದ ಪುಸ್ತಕದವರೆಗೆ: ಮಕ್ಕಳ ಸಚಿತ್ರ ಕಥಾಸಂಕಲನ ಮಾಡುವ ಬಗೆ

ಮಕ್ಕಳ ಕಥೆಗಳ ಸಂಕಲನ ತರಬೇಕು ಅಂತ ಹೊರಟವರು ಮೊದಲು ಇಪ್ಪತ್ತು, ಮೂವತ್ತು ಕಥೆ ಕೂಡಿಸುತ್ತಾರೆ. ಡಿಟಿಪಿ ಮಾಡಿಸುತ್ತಾರೆ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟಿಸುತ್ತಾರೆ. ಆಮೇಲೆ ಪುಟದಲ್ಲಿ ಎಲ್ಲೆಲ್ಲಿ ಜಾಗ ಉಳಿಯಿತೋ ಅಲ್ಲಿಗೆ ಒಂದೊಂದು ಚಿತ್ರ ಬರೆಸುತ್ತಾರೆ. ಪುಸ್ತಕವೇನೋ ಬರುತ್ತದೆ. ಮಕ್ಕಳು ಒಂದು ಸಲ ತಿರುವಿ ಹಾಕಿ ಪಕ್ಕಕ್ಕಿಡುತ್ತಾರೆ.

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ನಾವು ಕೆಲವರು ಸೇರಿ ಮೊದಲ ಪುಸ್ತಕವನ್ನು ಹೀಗೇ ಮಾಡಿದ್ದೆವು. ಎರಡನೆಯದಕ್ಕೆ ದಾರಿ ಬದಲಿಸಿದೆವು. ಕಥೆ, ಚಿತ್ರ, ಪುಟ ಮೂರನ್ನೂ ಒಟ್ಟಿಗೇ ಯೋಚಿಸಿದೆವು. ಒಂದು ಗೆರೆ ಎಳೆಯುವ ಮೊದಲೇ ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದಿ, ಮಕ್ಕಳ ಮುಖ ನೋಡಿದೆವು. ಅಲ್ಲಿ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಶಾಲೆಯವರು, ಊರಿನ ಸಂಘದವರು, ಪುಟ್ಟ ಪ್ರಕಾಶಕರು, ಮನೆಯ ಕಥೆಗಳನ್ನು ಉಳಿಸಿಕೊಳ್ಳಬೇಕು ಅನ್ನುವವರು, ಯಾರು ಬೇಕಾದರೂ ಇದನ್ನು ಬಳಸಬಹುದು.

ಮೊದಲು ವಯಸ್ಸು, ಆಮೇಲೆ ಪುಟ

"ಮಕ್ಕಳಿಗಾಗಿ" ಅಂದರೆ ಸಾಲದು. ಮೂರು ವರ್ಷದ ಮಗುವೂ ಮಗು, ಹನ್ನೊಂದರದ್ದೂ ಮಗು. ಇಬ್ಬರಿಗೂ ಒಂದೇ ಪುಸ್ತಕ ಮಾಡಲು ಹೋದರೆ ಯಾರಿಗೂ ಆಗುವುದಿಲ್ಲ. ನಾವು ಇಟ್ಟುಕೊಂಡ ಲೆಕ್ಕ ಹೀಗಿದೆ. ಮೂರರಿಂದ ಐದು ವರ್ಷಕ್ಕೆ ಪುಟಕ್ಕೆ ಇಪ್ಪತ್ತು, ಮೂವತ್ತು ಪದ. ಆರರಿಂದ ಎಂಟಕ್ಕೆ ಐವತ್ತು, ಹೆಚ್ಚೆಂದರೆ ಎಂಬತ್ತು. ಅದಕ್ಕಿಂತ ದೊಡ್ಡವರಿಗೆ ಮಾತು ಜಾಸ್ತಿ ಇರಲಿ, ಚಿತ್ರ ಎರಡು ಪುಟಕ್ಕೊಂದಾದರೂ ನಡೆಯುತ್ತದೆ.

ಪುಟದ ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಇಟ್ಟುಕೊಳ್ಳುವ ಹಾಗಿಲ್ಲ. ಪ್ರೆಸ್ಸಿನವರ ಲೆಕ್ಕ ಫಾರಂನಲ್ಲಿ. ಕ್ರೌನ್ ಕಾಲು ಅಳತೆಯ (ಕತ್ತರಿಸಿದ ಮೇಲೆ ಪುಟ 7.25 × 9.5 ಇಂಚು ಬರುವ) ಪುಸ್ತಕಕ್ಕೆ 20 × 30 ಇಂಚಿನ ಒಂದು ಹಾಳೆಯ ಎರಡೂ ಕಡೆ ಅಚ್ಚು ಮಾಡಿ ಮಡಿಸಿದರೆ 16 ಪುಟ. ಅದೇ ಒಂದು ಫಾರಂ. ಆದ್ದರಿಂದ 32, 48, 64 ಹೀಗೆ ಹೋಗಬೇಕು. 66 ಪುಟ ಮಾಡಿದರೆ ಎರಡೇ ಪುಟಕ್ಕೆ ಬೇರೆ ಹಾಳೆ, ಬೇರೆ ಪ್ಲೇಟು. ದುಡ್ಡು ದಂಡ.

64 ಪುಟವನ್ನು ನಾವು ಹೀಗೆ ಹಂಚಿದೆವು. ಶೀರ್ಷಿಕೆ, ಹಕ್ಕಿನ ವಿವರ, ಪರಿವಿಡಿ ಸೇರಿ ಮೊದಲ 3 ಪುಟ. 12 ಪುಟದ ಮೂರು ಕಥೆ, 8 ಪುಟದ ಎರಡು ಕಥೆ, ಒಟ್ಟು 52. ಒಗಟು, ಶಿಶುಪ್ರಾಸಕ್ಕೆ 6. ಕಥೆ ಹೇಳಿದ ಅಜ್ಜಿಯರ ಪರಿಚಯಕ್ಕೆ 2. ಕೊನೆಯ ಪುಟ ಖಾಲಿ, ಮಗು ತನ್ನ ಚಿತ್ರ ತಾನೇ ಬರೆದುಕೊಳ್ಳಲಿ ಅಂತ. ಕಥೆ ಶುರುವಾಗುವುದು 4ನೇ ಪುಟದಿಂದ, ಅಂದರೆ ಎಡಗಡೆಯಿಂದ. ಇದು ಮುಖ್ಯ. ಎಡದಲ್ಲಿ ಶುರುವಾಗಿ ಬಲದಲ್ಲಿ ಮುಗಿದರೆ ಪ್ರತಿ ಜೋಡಿ ಪುಟವನ್ನೂ ಒಂದೇ ದೊಡ್ಡ ಚಿತ್ರವಾಗಿ ಬಳಸಿಕೊಳ್ಳಬಹುದು.

ಐದೇ ಕಥೆಯಾ ಅಂತ ಕೆಲವರು ಕೇಳಿದರು. ಹೌದು, ಐದೇ. ಮಗು ಕೇಳುವುದು "ಇನ್ನೊಂದು ಕಥೆ" ಅಂತ ಅಲ್ಲ, "ಅದೇ ಕಥೆ ಇನ್ನೊಂದ್ಸಲ" ಅಂತ.

ಕಥೆಯನ್ನು ಕೇಳಿ ಬರೆದುಕೊಳ್ಳಿ

ಕಥೆ ಹೇಳುವವರ ಮುಂದೆ ಫೋನಿನ ರೆಕಾರ್ಡರ್ ಇಟ್ಟು "ಶುರು ಮಾಡಿ ಅಜ್ಜಿ" ಅಂದರೆ ಅವರು ಸಾರಾಂಶ ಹೇಳಿ ಮುಗಿಸುತ್ತಾರೆ. ಎದುರಿಗೆ ಮಗು ಇರಬೇಕು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿ, ನೀವು ಸ್ವಲ್ಪ ದೂರ ಕೂತು ನೋಡಿ. ಅದೇ ಕಥೆ ಎರಡರಷ್ಟು ಉದ್ದವಾಗುತ್ತದೆ, ದನಿ ಬದಲಾಗುತ್ತದೆ, ಕೈ ಓಡಾಡುತ್ತದೆ.

ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತಗೊಳ್ಳಿ. ನಮ್ಮಲ್ಲಿ ಇದು ಗೊತ್ತಿಲ್ಲದ ಮನೆ ಕಮ್ಮಿ. ಕಾಗಕ್ಕನ ಮನೆ ಸಗಣಿಯದು, ಗುಬ್ಬಕ್ಕನ ಮನೆ ಕಲ್ಲಿನದು. ಮಳೆ ಬಂತು. ಕಾಗಕ್ಕನ ಮನೆ ಕೊಚ್ಚಿ ಹೋಯಿತು. ನೆಂದು ತೊಪ್ಪೆಯಾದ ಕಾಗಕ್ಕ ಗುಬ್ಬಕ್ಕನ ಬಾಗಿಲು ತಟ್ಟುತ್ತದೆ. ನಾವು ಮಾತಿಗೆ ಕೇಳಿದಾಗ ಅಜ್ಜಿ ಹೇಳಿದ್ದು ಇಷ್ಟೇ: "ಕಾಗೆ ಬಾಗ್ಲು ತಟ್ತು, ಗುಬ್ಬಿ ತಡ ಮಾಡಿ ತೆಗೀತು." ಮೊಮ್ಮಗಳಿಗೆ ಹೇಳುವಾಗ ಅದೇ ಅಜ್ಜಿ ನೆಲಕ್ಕೆ ಮೂರು ಸಲ ಗೆಣ್ಣು ಬಡಿದರು.

"ಗುಬ್ಬಕ್ಕಾ ಗುಬ್ಬಕ್ಕಾ, ಬಾಗ್ಲು ತೆಗ್ಯೇ."
"ತಡಿಯೇ, ಮರಿಗೆ ನೀರು ಹುಯ್ತಾ ಇದೀನಿ."
"ಗುಬ್ಬಕ್ಕಾ ಗುಬ್ಬಕ್ಕಾ, ಬಾಗ್ಲು ತೆಗ್ಯೇ."
"ತಡಿಯೇ, ಮರಿಗೆ ಅಂಗಿ ಹಾಕ್ತಾ ಇದೀನಿ."

ಮೂರನೇ ಸಲಕ್ಕೆ ಮೊಮ್ಮಗಳೇ ನೆಲ ಬಡಿಯತೊಡಗಿದಳು. ಪುಸ್ತಕಕ್ಕೆ ಬರಬೇಕಾದದ್ದು ಅದು.

ಬರೆದುಕೊಳ್ಳುವಾಗ ನಾವು ಪಾಲಿಸಿದ ನಿಯಮ ಒಂದೇ. ಕಥೆ ನಡೆಸುವ ಮಾತು ಎಲ್ಲರಿಗೂ ತಿಳಿಯುವ ಸರಳ ಕನ್ನಡದಲ್ಲಿ ಇರಲಿ. ಪಾತ್ರಗಳ ಮಾತು ಮಾತ್ರ ಹೇಳಿದವರ ನುಡಿಯಲ್ಲೇ ಇರಲಿ. "ಬಾಗ್ಲು ತೆಗ್ಯೇ" ಅನ್ನುವುದನ್ನು "ಬಾಗಿಲನ್ನು ತೆರೆ" ಅಂತ ತಿದ್ದಿದರೆ ಮಳೆಯಲ್ಲಿ ನಡುಗುವ ಕಾಗೆ ಹೋಗಿ ಪಠ್ಯಪುಸ್ತಕ ಬಂದು ಕೂರುತ್ತದೆ. ಧಾರವಾಡದ ಕಡೆಯವರು ಹೇಳಿದ್ದರೆ ಧಾರವಾಡದ ಮಾತೇ ಇರಲಿ. ಮಕ್ಕಳು ತಬ್ಬಿಬ್ಬಾಗುವುದಿಲ್ಲ. ಅವರಿಗೆ ಅದು ಬೇರೆ ಊರಿನ ನೆಂಟರ ಮಾತು ಕೇಳಿದ ಹಾಗೆ, ಅಷ್ಟೇ.

ಕಥೆಯ ಕೊನೆ ಮನೆಯಿಂದ ಮನೆಗೆ ಬೇರೆಯಾಗುತ್ತದೆ. ಯಾವುದು ಸರಿ ಅಂತ ಜಗಳ ಬೇಡ. ನಿಮಗೆ ಹೇಳಿದವರ ಕೊನೆಯನ್ನು ಇಟ್ಟುಕೊಳ್ಳಿ, ಅವರ ಹೆಸರು ಹಾಕಿ. ಕೊನೆಯಲ್ಲಿ "ಇದರ ನೀತಿ" ಅಂತ ಒಂದು ಸಾಲು ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ನಮ್ಮ ಅಜ್ಜಿಯರಲ್ಲಿ ಒಬ್ಬರೂ ನೀತಿ ಹೇಳಲಿಲ್ಲ. ನಾವೂ ಸೇರಿಸಲಿಲ್ಲ.

ಯಾರ ಕಥೆ, ಯಾರ ಹಕ್ಕು

ಈ ಹಂತವನ್ನು ಹಾರಿಸಿ ಹೋಗುವವರೇ ಜಾಸ್ತಿ. ದಯವಿಟ್ಟು ಹಾರಿಸಬೇಡಿ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಹಾಗಾಗಿ ಅವರು ಬರೆದದ್ದು ಈಗ ಎಲ್ಲರದ್ದೂ ಆಗಿದೆ. ಜಿ. ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ. ಅವರ ಪದ್ಯ ಎಲ್ಲರ ಬಾಯಲ್ಲೂ ಇದೆ ನಿಜ, ಆದರೆ 2039ರ ಕೊನೆಯವರೆಗೆ ಅನುಮತಿ ಕೇಳಿಯೇ ಅಚ್ಚು ಹಾಕಬೇಕು. "ನಾವೆಲ್ಲ ಶಾಲೆಯಲ್ಲಿ ಕಲಿತದ್ದು ತಾನೇ" ಅನ್ನುವುದು ಅನುಮತಿ ಆಗುವುದಿಲ್ಲ.

ಜನಪದ ಕಥೆ ಯಾರದ್ದೂ ಅಲ್ಲ, ಎಲ್ಲರದ್ದು. ಆದರೆ ಅದನ್ನು ಒಬ್ಬರು ತಮ್ಮ ಮಾತಲ್ಲಿ ಬರೆದಿದ್ದರೆ ಆ ಬರವಣಿಗೆ ಅವರದ್ದು. ಪಂಚತಂತ್ರಕ್ಕೂ ಇದೇ ಮಾತು. ದುರ್ಗಸಿಂಹ ಕನ್ನಡದಲ್ಲಿ ಅದನ್ನು ಬರೆದು ಒಂಬತ್ತು ಶತಮಾನ ಮೀರಿತು, ಅದನ್ನು ನೀವು ಹೊಸದಾಗಿ ಹೇಳಬಹುದು. ಅಂಗಡಿಯಲ್ಲಿ ಸಿಕ್ಕ ಪುಸ್ತಕದಿಂದ ಸಾಲು ಸಾಲಾಗಿ ಇಳಿಸಿಕೊಳ್ಳುವ ಹಾಗಿಲ್ಲ.

ಕಥೆ ಸಾಲದೆ ಬಂದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡಿ. 2015ರಲ್ಲಿ ಶುರುವಾದದ್ದು, ಕನ್ನಡದಲ್ಲೂ ಸಾಕಷ್ಟು ಚಿತ್ರಕಥೆಗಳಿವೆ. ಅಲ್ಲಿನ ಹೆಚ್ಚಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರನ್ನು ಸರಿಯಾಗಿ ಹಾಕಿದರೆ ಮರುಮುದ್ರಣ ಮಾಡಬಹುದು, ಮಾರಲೂಬಹುದು. ಆದರೂ ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿರುವ ಪರವಾನಗಿ ಓದಿಯೇ ಮುಂದುವರಿಯಿರಿ.

ಕಥೆ ಹೇಳಿದ ಅಜ್ಜಿಯ ಹತ್ತಿರವೂ ಕೇಳಿ. ಪುಸ್ತಕ ಆಗುತ್ತದೆ, ಹೆಸರು ಹಾಕುತ್ತೇವೆ, ಫೋಟೋ ಬೇಕಾ ಬೇಡವಾ ಅಂತ. ನಮ್ಮಲ್ಲಿ ಒಬ್ಬರು ಫೋಟೋ ಬೇಡ ಅಂದರು. ಅವರ ಎಲೆ ಅಡಿಕೆ ಸಂಚಿಯ ಚಿತ್ರ ಹಾಕಿದೆವು.

ಕಥೆಯನ್ನು ಪುಟವಾಗಿ ಒಡೆಯುವುದು

ಪುಸ್ತಕ ಗೆಲ್ಲುವುದೋ ಸೋಲುವುದೋ ಇಲ್ಲೇ. ಕಂಪ್ಯೂಟರ್ ಮುಟ್ಟುವ ಮೊದಲು ಇದನ್ನು ಕೈಯಲ್ಲಿ ಮಾಡಿ. ಮೂರು ಎ4 ಹಾಳೆಯನ್ನು ಒಂದರೊಳಗೊಂದು ಮಡಿಸಿ, ಮಧ್ಯೆ ದಾರ ಹಾಕಿ ಹೊಲಿಯಿರಿ. 12 ಪುಟದ ಖಾಲಿ ಪುಸ್ತಕ ಸಿದ್ಧ. ಹೊರಗಿನ ಮೊದಲ ಪುಟವನ್ನು ರಟ್ಟು ಅಂತ ಬಿಟ್ಟು ಒಳಗೆ ಜೋಡಿ ಪುಟ ಎಣಿಸಿದರೆ ಐದೇ ಸಿಗುತ್ತದೆ. 12 ಪುಟದ ಕಥೆಗೆ ಆರು ಜೋಡಿ ಬೇಕಾದ್ದರಿಂದ ನಾಲ್ಕು ಹಾಳೆ ತಗೊಳ್ಳಿ, ಹೆಚ್ಚಾದದ್ದು ಖಾಲಿ ಇರಲಿ. ಪೆನ್ಸಿಲ್ಲಿನಲ್ಲಿ ಕಡ್ಡಿ ಗೊಂಬೆ ಸಾಕು. ಯಾವ ಮಾತು ಎಲ್ಲಿ ಬರುತ್ತದೆ, ಯಾವ ಚಿತ್ರ ಎಲ್ಲಿ ಬರುತ್ತದೆ ಅನ್ನುವುದಷ್ಟೇ ಈಗ ಬೇಕಾದದ್ದು.

ಕಾಗಕ್ಕ ಗುಬ್ಬಕ್ಕನನ್ನು ನಾವು ಒಡೆದದ್ದು ಹೀಗೆ. ಮೊದಲ ಜೋಡಿಯಲ್ಲಿ ಎರಡು ಮನೆ, ಬಿಸಿಲು. ಎರಡನೆಯದರಲ್ಲಿ ಮಳೆ, ಸಗಣಿ ಮನೆ ಕರಗುತ್ತಿದೆ. ಈ ಜೋಡಿಗೆ ಮಾತು ನಾಲ್ಕೇ ಪದ: "ಮಳೆ ಬಂತು. ಮಳೆ, ಮಳೆ." ಉಳಿದದ್ದನ್ನು ಚಿತ್ರ ಹೇಳುತ್ತದೆ. ಮೂರು, ನಾಲ್ಕು, ಐದನೇ ಜೋಡಿಗಳು ಬಾಗಿಲು ತಟ್ಟುವುದಕ್ಕೆ. ಎಡ ಪುಟದಲ್ಲಿ ಹೊರಗಿನ ಕತ್ತಲು, ಮಳೆ, ಕಾಗಕ್ಕ. ಬಲ ಪುಟದಲ್ಲಿ ಒಳಗಿನ ದೀಪ, ಒಲೆ, ಗುಬ್ಬಕ್ಕ, ಮರಿಗಳು. ನಡುವೆ ಪುಸ್ತಕದ ಮಡಿಕೆ ಇದೆಯಲ್ಲ, ಅದೇ ಬಾಗಿಲು. ಮಗು ಎಡ ಪುಟವನ್ನು ತಟ್ಟಬಹುದು. ಆರನೇ ಜೋಡಿಗೆ ಪುಟ ತಿರುವಿದಾಗಲೇ ಬಾಗಿಲು ತೆರೆಯುತ್ತದೆ, ಎರಡೂ ಪುಟ ತುಂಬ ದೀಪದ ಬೆಳಕು.

ಪುಟ ತಿರುವುವ ಹೊತ್ತನ್ನು ಕಥೆಗೆ ಹೊಂದಿಸುವುದು ಅಂದರೆ ಇದೇ. ಕುತೂಹಲ ಬಲ ಪುಟದ ಕೊನೆಯಲ್ಲಿ ಇರಬೇಕು, ಉತ್ತರ ಹಾಳೆಯ ಹಿಂದೆ ಇರಬೇಕು. ಪ್ರಶ್ನೆ ಎಡದಲ್ಲಿ, ಉತ್ತರ ಬಲದಲ್ಲಿ ಇಟ್ಟರೆ ಮಗುವಿನ ಕಣ್ಣು ಉತ್ತರವನ್ನು ಮೊದಲೇ ನೋಡಿಬಿಡುತ್ತದೆ.

ಇನ್ನೊಂದು ಮಾತು. ಚಿತ್ರ ಹೇಳುವುದನ್ನು ಮಾತು ಮತ್ತೆ ಹೇಳುವುದು ಬೇಡ. "ಗುಬ್ಬಕ್ಕ ಕೆಂಪು ಸೀರೆ ಉಟ್ಟು ಒಲೆಯ ಮುಂದೆ ಕೂತಿದ್ದಳು" ಅನ್ನುವ ಸಾಲು ನಮ್ಮ ಮೊದಲ ಕರಡಿನಲ್ಲಿತ್ತು. ಚಿತ್ರದಲ್ಲಿ ಅದೆಲ್ಲ ಕಾಣುತ್ತದೆ, ಸಾಲು ತೆಗೆದೆವು. ಮಾತು ಹೇಳದೇ ಇರುವ ಒಂದು ಸಂಗತಿಯನ್ನು ಚಿತ್ರದಲ್ಲಿ ಇಡಿ. ನಮ್ಮ ಪುಸ್ತಕದ ಪ್ರತಿ ಜೋಡಿಯಲ್ಲೂ ಒಂದು ಬಸವನಹುಳು ಇದೆ. ಅದರ ಬಗ್ಗೆ ಕಥೆಯಲ್ಲಿ ಒಂದು ಪದವೂ ಇಲ್ಲ. ಓದಲು ಬಾರದ ಮಕ್ಕಳು ಮೊದಲು ಹುಡುಕುವುದು ಅದನ್ನೇ.

ಈ ಹೊಲಿದ ಪುಸ್ತಕವನ್ನು ಅಂಗನವಾಡಿಗೋ ಒಂದನೇ ತರಗತಿಗೋ ತಗೊಂಡು ಹೋಗಿ ಗಟ್ಟಿಯಾಗಿ ಓದಿ. "ಚೆನ್ನಾಗಿದೆಯಾ?" ಅಂತ ಮಾತ್ರ ಕೇಳಬೇಡಿ, ಮಕ್ಕಳು ಹೌದು ಅಂದುಬಿಡುತ್ತಾರೆ. ಎಲ್ಲಿ ಅವರ ಕಣ್ಣು ಕಿಟಕಿಯ ಕಡೆ ಹೋಯಿತು, ಆ ಪುಟಕ್ಕೆ ಗುರುತು ಹಾಕಿಕೊಳ್ಳಿ. ನಿಮ್ಮ ನಾಲಿಗೆ ಎಲ್ಲಿ ತೊಡರಿತು, ಅಲ್ಲಿಗೂ ಹಾಕಿ. ನಾವು ಮೂರು ಸಲ ಹೀಗೆ ಓದಿ, ಮೂರು ಸಲ ತಿದ್ದಿದೆವು.

ಚಿತ್ರಕಾರರ ಜೊತೆ

ಈಗ ಚಿತ್ರಕಾರರನ್ನು ಕರೆಯಿರಿ. ಇನ್ನೂ ಮೊದಲೇ, ಪುಟ ಒಡೆಯುವಾಗಲೇ ಕರೆದರೆ ಇನ್ನೂ ಒಳ್ಳೆಯದು. ಅವರಿಗೆ ಪಟ್ಟಿ ಕೊಟ್ಟು "ಇಷ್ಟು ಚಿತ್ರ ಬೇಕು" ಅನ್ನುವುದಕ್ಕಿಂತ ಕಥೆಯನ್ನು ಕೂತು ಕೇಳಿಸಿ.

ಐದು ಕಥೆಗೆ ಐದು ಜನ ಬೇಕೋ ಒಬ್ಬರೇ ಸಾಕೋ? ಸಂಕಲನಕ್ಕೆ ಎರಡೂ ಒಪ್ಪುತ್ತದೆ. ಐದು ಜನ ಆದರೆ ಕಾಗದದ ಅಳತೆ, ಅಕ್ಷರ, ಅಂಚಿನ ಜಾಗ ಎಲ್ಲ ಕಥೆಗೂ ಒಂದೇ ಇರಲಿ, ಆಗ ಪುಸ್ತಕ ಚೆಲ್ಲಾಪಿಲ್ಲಿ ಅನಿಸುವುದಿಲ್ಲ. ನಮ್ಮ ಕಡೆಯ ದೀವರ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರದಲ್ಲಿ ಒಂದು ಕಥೆ ಮಾಡಿಸಿದೆವು. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚ. ಬರೆದ ಅಕ್ಕನ ಹೆಸರು, ಉಳಿದ ಚಿತ್ರಕಾರರಷ್ಟೇ ದೊಡ್ಡ ಅಕ್ಷರದಲ್ಲಿದೆ. ಸಂಭಾವನೆಯೂ ಅಷ್ಟೇ. ಜನಪದ ಕಲೆ ಅಂದ ಕೂಡಲೇ ಪುಕ್ಕಟೆ ಅಂದುಕೊಳ್ಳುವುದು ತಪ್ಪು.

ಮೊದಲು ಪ್ರತಿ ಪಾತ್ರಕ್ಕೂ ಒಂದು ಹಾಳೆ ಮಾಡಿಸಿ. ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ನಗುವಾಗ, ಅಳುವಾಗ ಹೇಗಿರುತ್ತದೆ, ಬಟ್ಟೆ ಯಾವ ಬಣ್ಣ, ಮರಿ ಎಷ್ಟು, ಎಲ್ಲ ಅದರಲ್ಲಿರಲಿ. ಗೋಡೆಗೆ ಅಂಟಿಸಿಕೊಂಡು ಕೆಲಸ ಮಾಡಿದರೆ ಹತ್ತನೇ ಪುಟದಲ್ಲಿ ಸೀರೆ ಬಣ್ಣ ಬದಲಾಗುವುದಿಲ್ಲ.

ಜೋಡಿ ಪುಟದ ಚಿತ್ರದಲ್ಲಿ ಮುಖ, ಕಣ್ಣು, ಅಕ್ಷರ ಯಾವುದೂ ಮಡಿಕೆಯ ಹತ್ತಿರ ಬರಬಾರದು. ಎರಡೂ ಕಡೆ ಅರ್ಧ ಇಂಚಾದರೂ ಬಿಡಿ. ನಮ್ಮ ಮೊದಲ ಪುಸ್ತಕದಲ್ಲಿ ಅಜ್ಜಿಯ ಮುಖದ ಅರ್ಧ ಮಡಿಕೆಯೊಳಗೆ ಹೋಗಿತ್ತು. ಪುಸ್ತಕ ಎಷ್ಟು ಅಗಲಿಸಿದರೂ ಕಾಣುತ್ತಿರಲಿಲ್ಲ.

ಕರಾರು ಒಂದು ಪುಟದ್ದಾದರೂ ಬರೆದುಕೊಳ್ಳಿ. ಎಷ್ಟು ಚಿತ್ರ, ಎಷ್ಟು ದುಡ್ಡು, ಯಾವಾಗ, ಎಷ್ಟು ಸಲ ತಿದ್ದಿಸಬಹುದು, ಎರಡನೇ ಮುದ್ರಣಕ್ಕೆ ಏನು, ಇ-ಪುಸ್ತಕಕ್ಕೆ ಏನು, ಮೂಲ ಚಿತ್ರ ಯಾರ ಹತ್ತಿರ ಇರುತ್ತದೆ. ಹಕ್ಕು ಬಿಟ್ಟುಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಅಂತಲೇ ತಿಳಿಯುತ್ತದೆ. ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅಮೆರಿಕದ ಕನ್ನಡ ಕೂಟದವರು ಪುಸ್ತಕ ಕೇಳಿ, ಅಲ್ಲೇ ಅಚ್ಚು ಮಾಡುತ್ತೇವೆ ಅಂದಾಗ ಈ ಸಾಲು ಬೇಕಾಗುತ್ತದೆ.

ಕನ್ನಡ ಅಕ್ಷರ, ಮಗುವಿನ ಕಣ್ಣು

ಓದಲು ಕಲಿಯುತ್ತಿರುವ ಮಗುವಿಗೆ ದ, ಧ, ಥ ನಡುವಿನ ವ್ಯತ್ಯಾಸ ಒಂದು ಚುಕ್ಕೆ, ಒಂದು ಸೀಳು. ಬ, ಭ ಹಾಗೆಯೇ. ಪ, ಷ, ಫ ನೋಡಿ. ಮ, ವ ನೋಡಿ. ಅಲಂಕಾರದ ಫಾಂಟುಗಳಲ್ಲಿ ಈ ಚುಕ್ಕೆ, ಸೀಳು ಮಾಯವಾಗಿರುತ್ತವೆ. ಅದಕ್ಕೇ ಫಾಂಟ್ ಆರಿಸುವ ಮೊದಲು ಈ ಅಕ್ಷರಗಳನ್ನೇ ಒಂದು ಸಾಲಾಗಿ ಅಚ್ಚು ಮಾಡಿ, ಒಂದು ಮಾರು ದೂರದಿಂದ ನೋಡಿ. ಕಥೆಗೆ ನೋಟೋ ಸ್ಯಾನ್ಸ್ ಕನ್ನಡದಂಥ ಬಿಡಿಯಾದ ಫಾಂಟ್, ಶೀರ್ಷಿಕೆಗೆ ಬಾಲೂ ತಮ್ಮದಂಥ ದುಂಡನೆಯದು ಒಪ್ಪುತ್ತದೆ. ಎರಡೂ ಉಚಿತ.

ಚಿಕ್ಕವರಿಗೆ 18ರಿಂದ 20 ಪಾಯಿಂಟ್, ಏಳೆಂಟು ವರ್ಷದವರಿಗೆ 16. ಸಾಲುಗಳ ನಡುವೆ ಧಾರಾಳ ಜಾಗ ಬೇಕು. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಇಂಗ್ಲಿಷಿನ ಲೆಕ್ಕ ಹಾಕಿದರೆ ಮೇಲಿನ ಸಾಲಿನ "ಸ್ತ್ರೀ" ಕೆಳಗಿನ ಸಾಲಿನ "ಕೀ" ಮೇಲೆ ಕೂರುತ್ತದೆ. ಸಾಲಿನಿಂದ ಸಾಲಿಗೆ ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಮ್ಮಿ ಬೇಡ. ಪದವನ್ನು ಸಾಲಿನ ಕೊನೆಯಲ್ಲಿ ಮುರಿಯಬೇಡಿ. ಬಲ ಅಂಚು ಏರುಪೇರಾಗಿ ಇದ್ದರೂ ಚಿಂತೆಯಿಲ್ಲ.

ಟೈಪ್ ಮಾಡುವುದು ಯೂನಿಕೋಡಿನಲ್ಲೇ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಇರಲಿ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫೈಲುಗಳಿಂದ ಬದಲಾಯಿಸಿದ್ದರೆ ಎರಡು ತಪ್ಪು ಖಂಡಿತ ಹುಡುಕಿ. ಒಂದು, ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಬಂದು ಕೂತಿರುವುದು: ಸೂರ್ಯ "ಸೂಯ೯" ಆಗಿರುತ್ತದೆ. ಇನ್ನೊಂದು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. ಇದು ಕಣ್ಣಿಗೆ ಕಾಣುವುದೇ ಕಷ್ಟ, ಆದ್ದರಿಂದ ಕಂಪ್ಯೂಟರಿನಲ್ಲೇ ೦ ಮತ್ತು ೯ ಅಂತ ಹುಡುಕಿಸಿ. ಇನ್‌ಡಿಸೈನ್ (ಪುಟ ಕಟ್ಟುವ ತಂತ್ರಾಂಶ) ಬಳಸುವವರು ಅದರೊಳಗಿನ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆಯನ್ನು ಆನ್ ಮಾಡದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗುತ್ತವೆ. ದುಡ್ಡಿಲ್ಲದವರಿಗೆ ಸ್ಕ್ರೈಬಸ್ ಇದೆ, ಹೊಸ ಆವೃತ್ತಿಯಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ.

ಪ್ರೆಸ್ಸಿಗೆ ಹೋಗುವ ಮುನ್ನ

ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಇರಬೇಕು. ಕತ್ತರಿಸಿದ ಪುಟ 7.25 × 9.5 ಇಂಚು ಅಂದರೆ ಜೋಡಿ ಪುಟದ ಚಿತ್ರ 4,350 × 2,850 ಪಿಕ್ಸೆಲ್. ಅದರ ಮೇಲೆ ನಾಲ್ಕೂ ಕಡೆ 3 ಮಿಲಿಮೀಟರ್ ಜಾಸ್ತಿ ಬಣ್ಣ ಬಿಡಬೇಕು, ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯಬಾರದು ಅಂತ. ಚಿತ್ರಗಳನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗಿಹೋಗುತ್ತವೆ. ಡ್ರೈವ್ ಅಥವಾ ಪೆನ್‌ಡ್ರೈವ್ ಒಳ್ಳೆಯದು.

ಪರದೆ ಮೇಲೆ ಹೊಳೆಯುವ ಗಿಳಿ ಹಸಿರು ಕಾಗದದ ಮೇಲೆ ಮಂಕಾಗುತ್ತದೆ. ಪರದೆಯ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕು) ಬೇರೆ, ಪ್ರೆಸ್ಸಿನ ಸಿಎಂವೈಕೆ (ತಿಳಿ ನೀಲಿ, ಕಡು ಗುಲಾಬಿ, ಹಳದಿ, ಕಪ್ಪು ಶಾಯಿ) ಬೇರೆ. ಒಂದೆರಡು ಪುಟ ಅದೇ ಕಾಗದದಲ್ಲಿ ಸ್ಯಾಂಪಲ್ ತೆಗೆಸಿ ಹಗಲ ಬೆಳಕಿನಲ್ಲಿ ನೋಡಿ. ಕಥೆಯ ಅಕ್ಷರ ಕಪ್ಪು ಶಾಯಿ ಒಂದರಲ್ಲೇ ಅಚ್ಚಾಗಲಿ. ನಾಲ್ಕೂ ಬಣ್ಣ ಸೇರಿಸಿ ಕಪ್ಪು ಮಾಡಿದರೆ ಕೂದಲೆಳೆ ಸರಿದರೂ ಒತ್ತಕ್ಷರ ಮಸುಕಾಗುತ್ತದೆ.

ಕಾಗದ 100 ಜಿಎಸ್‌ಎಂ ಮ್ಯಾಪ್‌ಲಿತೋ (ಲೇಪನವಿಲ್ಲದ ಬಿಳಿ ಕಾಗದ) ಅಥವಾ 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ). ಅದಕ್ಕಿಂತ ತೆಳ್ಳಗಾದರೆ ಹಿಂದಿನ ಚಿತ್ರ ಮುಂದೆ ಕಾಣುತ್ತದೆ. ಹೊಳೆಯುವ ಕಾಗದ ದೀಪದ ಕೆಳಗೆ ಕಣ್ಣಿಗೆ ಹೊಡೆಯುತ್ತದೆ. ಬೈಂಡಿಂಗಿಗೆ ಬರೀ ಅಂಟು ಹಾಕಿದ್ದು ಮಕ್ಕಳ ಕೈಯಲ್ಲಿ ತಿಂಗಳು ಬಾಳುವುದು ಕಷ್ಟ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಫಾರಂ ಹೊಲಿಸಿ. ಪುಸ್ತಕ ಅಗಲವಾಗಿ ತೆರೆದುಕೊಳ್ಳುತ್ತದೆ, ಮಡಿಕೆಯ ಬಾಗಿಲೂ ಚೆನ್ನಾಗಿ ಕಾಣುತ್ತದೆ. ಇನ್ನೂರು, ಮುನ್ನೂರು ಪ್ರತಿಯಾದರೆ ಡಿಜಿಟಲ್, ಐನೂರು ದಾಟಿದರೆ ಪ್ಲೇಟು ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಕೇಳಿ ನೋಡಿ.

ಐಎಸ್‌ಬಿಎನ್ (ಪ್ರತಿ ಪುಸ್ತಕವನ್ನೂ ಗುರುತಿಸುವ ಅಂತರರಾಷ್ಟ್ರೀಯ) ಸಂಖ್ಯೆಯನ್ನು ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅರ್ಜಿ ಆನ್‌ಲೈನಿನಲ್ಲೇ. ಕೊನೇ ಗಳಿಗೆಗೆ ಇಟ್ಟುಕೊಳ್ಳದೆ ಚಿತ್ರದ ಕೆಲಸ ನಡೆಯುವಾಗಲೇ ಹಾಕಿಬಿಡಿ.

ಪುಸ್ತಕ ಬಂದ ಮೇಲೆ

1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮತ್ತು ಗೊತ್ತುಮಾಡಿದ ಬೇರೆ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಅದಾದ ಮೇಲೆ ನಿಮ್ಮೂರಿನ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಿ. ಅಲ್ಲಿ ಬೀರುವಿನೊಳಗೆ ಇಟ್ಟು ಬೀಗ ಹಾಕಲು ಬಿಡಬೇಡಿ. ಮಕ್ಕಳ ಕೈಗೆಟಕುವ ಹಲಗೆಯ ಮೇಲೆ, ರಕ್ಷಾಪುಟ ಕಾಣುವ ಹಾಗೆ ಇಡಿಸಿ. ಕಥೆ ಹೇಳಿದ ಅಜ್ಜಿಯಿಂದಲೇ ಒಂದು ಸಂಜೆ ಓದಿಸಿ, ಓದಲು ಬಾರದಿದ್ದರೆ ಅವರು ಹೇಳಲಿ, ಮಕ್ಕಳು ಪುಟ ತಿರುವಲಿ.

ಒಂದು ಪ್ರತಿಯನ್ನು ತಿದ್ದುಪಡಿಗೆ ಅಂತಲೇ ಎತ್ತಿಡಿ. ಯಾರು ಏನು ತಪ್ಪು ತೋರಿಸಿದರೂ ಅದರಲ್ಲೇ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ನಮ್ಮ ಪ್ರತಿಯಲ್ಲಿ ಮೊದಲ ಗುರುತು ಹಾಕಿಸಿದ್ದು ಎರಡನೇ ತರಗತಿಯ ಒಬ್ಬ ಹುಡುಗಿ. ಪಾತ್ರದ ಹಾಳೆ ಗೋಡೆಯ ಮೇಲಿದ್ದರೂ ನಾವ್ಯಾರೂ ನೋಡಿರಲಿಲ್ಲ. ಮೂರನೇ ಜೋಡಿಯಲ್ಲಿ ಗುಬ್ಬಕ್ಕನಿಗೆ ಮೂರು ಮರಿ, ಐದನೆಯದರಲ್ಲಿ ನಾಲ್ಕು. "ಇನ್ನೊಂದು ಮರಿ ಎಲ್ಲಿತ್ತು?" ಅಂತ ಕೇಳಿದಳು. ಎರಡನೇ ಮುದ್ರಣದಲ್ಲಿ ಮೂರನೇ ಜೋಡಿಯ ಕಂಬಳಿಯ ಕೆಳಗಿಂದ ಒಂದು ಪುಟ್ಟ ಕೊಕ್ಕು ಹೊರಗೆ ಬಂದಿದೆ.